ಗುಂಡಿ ಹಚ್ಚುವವಳ ತಂಡ

ಒಂದು ಪ್ಯಾಂಟಿಗೆ ಒಂದು ಗುಂಡಿ, ಆರು ರಿವೆಟ್ಟು.
ನೂರು ಪ್ಯಾಂಟಿಗೆ ಕೂಲಿ ಎಷ್ಟು ಅಂತ ಕೇಳಬ್ಯಾಡ,
ಕೇಳಿದ್ರೆ ನನ್ನ ಗೋಲ್‌ಕೀಪರನ ಪಗಾರ ಹೇಳ್ತೀನಿ:
ವಾರಕ್ಕೆ ಹದಿನೆಂಟು ಲಕ್ಷ.
ಕೊಡೋಳು ನಾನೇ.

ಕೌಲ್ ಬಜಾರಿನ ಓಣಿಯಾಗೆ, ಮಿಷನ್ನಿನ ಕುತ್ತಿಗೆಗೆ ಫೋನು ಒರಗಿಸಿ
ಊಟದ ಅರ್ಧ ತಾಸು, ಮಿರ್ಚಿ ಕಡೀತಾ,
ಹನ್ನೊಂದು ಮಂದೀನ ಬಯಲಿಗೆ ಬಿಡ್ತೀನಿ.
ಬೆಳಗಲ್ ಕ್ರಾಸ್ ಯುನೈಟೆಡ್.
ನಾಲ್ಕು, ನಾಲ್ಕು, ಎರಡು. ಹಳೇ ಪದ್ಧತಿ.
ಸೂಪರ್‌ವೈಜರ್ ಮಾಬುಸಾಬ್ ಹೇಳ್ತಾನೆ:
"ಲೆಕ್ಕ ನೋಡಿ ಅಳೋ ಓನರ್‌ಗಳು ಭಾಳ ಮಂದಿ ಅದಾರೆ ಹುಲಿಗೆಮ್ಮ,
ನಗೋಳು ನೀನೊಬ್ಬಳೇ."

ಆಟ ಒಮ್ಮೊಮ್ಮೆ ತಾನೇ ಹುಡುಗರನ್ನ ಹಡೀತೈತೆ.
ಹದಿನೇಳು ವರ್ಷ, ಎಡಗಾಲು, ಲೆಫ್ಟ್ ಬ್ಯಾಕು.
ಹೆಸರಿನ ಜಾಗ ಖಾಲಿ, ಮಿಣಕ್ ಮಿಣಕ್ ಅಂತೈತೆ.
ಎದುರಿಗೆ ಹೆಲ್ಪರ್ ತಿಪ್ಪೇಶಿ ಕುಂತಿದ್ದ,
ಪ್ಯಾಂಟಿನ ಕಾಲಿಂದ ದಾರದ ತುದಿ ಕತ್ತರಿಸ್ತಾ.
ಅವಂದೇ ಇಟ್ಟೆ. ಅವನಿಗೂ ಹದಿನೇಳೇ.

ಆದ್ರೆ ಅಲ್ಲಿ ವಾರಕ್ಕೊಂದು ವರ್ಷ.
ಬನ್ನಿ ಹಬ್ಬಕ್ಕೆ ಹದಿನೇಳಿದ್ದವ
ದೀಪಾವಳಿಗೆ ಇಪ್ಪತ್ತು, ನನ್ನ ಕ್ಯಾಪ್ಟನ್ನು.
ಇಲ್ಲಿಯವ ಇನ್ನೂ ಕನ್ನಡಿ ಮುಂದೆ
ಮೂಗಿನ ಕೆಳಗೆ ಬೆರಳಾಡಿಸ್ತಾ ಕಾಯ್ತಿದ್ದ.

ಒಂದಿನ ರಾತ್ರಿ ಒಂದೂವರೆಗೆ, ಯಾವ ದೇಶದವನೋ ಏನೋ,
ತಿಪ್ಪೇಶಿಗೆ ಒಂಬತ್ತು ಕೋಟಿ ಕೂಗಿದ.
ಮಾರು, ಬ್ಯಾಡ: ಎರಡು ಗುಂಡಿ.
ನಮ್ ಕಡೆ ಗುಂಡಿ ಮೂರು ಥರ.
ಪ್ಯಾಂಟಿಂದು, ಫೋನಿಂದು,
ಸಂಡೂರಿನಾಗೆ ಗುಡ್ಡ ಇದ್ದ ಜಾಗದ್ದು.
ಇವನ್ನ ಮಾರಿದ್ರೆ ನನ್ನ ಎಡಮಗ್ಗುಲಿಗೆ
ಮೂರನೇದು ಬೀಳ್ತಿತ್ತು.

ಮುಂಜಾನೆ ಹೇಳಿದೆ.
"ಮಾರಬೇಕಿತ್ತಕ್ಕಾ," ಅಂದ, "ಅರ್ಧ ನಿಂಗೇ ಕೊಡ್ತಿದ್ದೆ."
ಸ್ವಲ್ಪ ತಡೆದು:
"ಅದ್ರಾಗೆ ನಂಗೆ ಶೂ ಅದಾವಾ?"

ದೇಶದ ತಂಡ ಬ್ಯಾರೆ.
ಅದು ನಾ ಸಾಕಿದ್ದಲ್ಲ, ನನ್ನ ಮಾತು ಕೇಳೋದಲ್ಲ.
ನೂರರ ಆಚೆ ಎಲ್ಲೋ ನಮ್ ನಂಬರು.
ಅವತ್ತು ಸೋಲಾಪುರಕ್ಕೆ ಲೋಡು ಇತ್ತು, ರಾತ್ರಿ ಪಾಳಿ.
ಬಾಬಿನ್ ಡಬ್ಬಿಗೆ ಫೋನು ಆನಿಸಿ
ಒಂಬತ್ತು ಮಂದಿ ಅಂಗೈಯಷ್ಟು ಮೈದಾನ ನೋಡಿದ್ವಿ.
ಗ್ಯಾಲರಿಯಾಗೆ ಮುಖಕ್ಕೆ ನೀಲಿ ಬಳ್ಕೊಂಡು ಕುಣೀತಿದ್ರು.
ನಾವೇನು ಬಳ್ಕೊಳ್ಳೋದು?
ಉಗುರಿನ ಸಂದಿ, ಮೂಗಿನ ಹೊಳ್ಳಿ,
ಕ್ಯಾಕರಿಸಿದ್ರೆ ಉಗುಳು,
ಜೀನ್ಸಿನ ನೀಲಿ ವರ್ಷಪೂರ್ತಿ ಐತೆ.

ಎಪ್ಪತ್ತನೇ ನಿಮಿಷ. ನಮ್ ಲೆಫ್ಟ್ ಬ್ಯಾಕು ಕುಂಟ್ತಿದ್ದ.
ತೆಗೀರಿ ಅವನ್ನ! ಅಂತ ಚೀರಿದೆ.
ಹೆಬ್ಬೆರಳು ತನ್ನಷ್ಟಕ್ಕೇ ಗಾಜಿನ ಮ್ಯಾಲೆ ಹೋಗಿ
ಬದಲಿ ಆಟಗಾರನ ಗುಂಡಿ ಹುಡುಕ್ತು.
ಮ್ಯಾಚು ನಿಂತು ಬನಿಯನ್ನಿನ ಜಾಹೀರಾತು ಬಂತು.
ಎಂಟು ಮಂದಿ ಬೈದ ಬೈಗಳ ಬರೆಯಂಗಿಲ್ಲ.

ಆಮ್ಯಾಲೆ ಕರೆಂಟು ಹೋತು.
ಮಿಷನ್ನು, ಫ್ಯಾನು ಎಲ್ಲಾ ಗಪ್.
ಒಂಬತ್ತು ಮುಖದ ಮ್ಯಾಲೆ ಹುಲ್ಲಿನ ಬೆಳಕು.
ಒಂದು ಶಾಟು ಕಂಬಕ್ಕೆ ಬಡಿದಾಗ
ಯಾರದೋ ಕೈ ನನ್ನ ರಟ್ಟೆ ಹಿಡೀತು,
ಯಾರದು ಅಂತ ನಾನೂ ನೋಡಲಿಲ್ಲ.

ಸೊನ್ನೆ, ಸೊನ್ನೆ.
ಗುಂಡಿ ಕಾಣದ ಎರಡು ಕಾಜ.

ಶಿವರಾತ್ರಿ ಮರುದಿನ ಆಟ ಒಂದು ಚೀಟಿ ತೋರಿಸ್ತು:
ತಿಪ್ಪೇಶಿ, ಮೂವತ್ತಾರು, ನಿವೃತ್ತಿ.
ನಾನೂರ ಹನ್ನೊಂದು ಪಂದ್ಯ. ಗೋಲು ಎರಡು.
ಕೆಳಗೆ ಒಂದೇ ಗುಂಡಿ: ಸರಿ.
ಒತ್ತದೇ ಫೋನು ಬೋರಲು ಹಾಕಿದೆ.

ಟೀ ತಗೊಂಡು ಬಂದ. ತುಟಿ ಮ್ಯಾಲೆ
ಬೂದಿ ಎಳೆದಂಗೆ ಏನೋ ಮೂಡಿತ್ತು.
"ಇವತ್ತು ಆಡ್ತೀನೇನಕ್ಕಾ?"
"ಇವತ್ತು ನಿಂಗೆ ರೆಸ್ಟು."
ತಲೆ ಆಡಿಸಿದ, ಕಪ್ಪು ಇಟ್ಟ,
ಎರಡೂ ಕೈಯಾಗೆ ಪ್ಯಾಂಟಿನ ಕಟ್ಟು ಎತ್ಕೊಂಡು ಹೋದ,
ಬಾಗಿಲನ್ನ ಎಡಗಾಲಿಲೆ ಮುಚ್ಚಿ.