ಒಗೆದವಳಿಗೆ ಗೊತ್ತು

ಗೋಲುಗಳ ಲೆಕ್ಕ ಬೇಕಿದ್ದರೆ ಕ್ಲಬ್ಬಿನ ಗುಮಾಸ್ತನನ್ನು ಕೇಳಿ,
ಇನ್ನೂರ ಹನ್ನೊಂದೋ ಹದಿಮೂರೋ,
ಆ ಎರಡಕ್ಕಾಗಿ ಫ್ರಾಯ್ ಬೆಂತೋಸಿನ ಹೆಂಡದಂಗಡಿಗಳಲ್ಲಿ
ಇವತ್ತಿಗೂ ಜಗಳ.
ನನ್ನ ಹತ್ತಿರ ಇರುವುದು ಕಲೆಗಳ ಲೆಕ್ಕ.

ಎಲ್ಬಿಯೊ ಬಂದಾಗ ಹದಿನಾರು ವರ್ಷ.
ಅಪ್ಪ ಮಾಂಸದ ಕಾರ್ಖಾನೆಯಲ್ಲಿ
ಡಬ್ಬಿಗಳಿಗೆ ಮುಚ್ಚಳ ಹಾಕುವವ.
ಹುಡುಗನ ಅಂಗಿಯಲ್ಲೂ ಅದೇ, ಬೇಯಿಸಿದ ಮೂಳೆಯ ವಾಸನೆ,
ಈ ಊರು ಹುಟ್ಟಾ ಉಟ್ಟುಕೊಂಡದ್ದು.
ಎರಡು ಸಲ ಸೋಪು ಹಾಕಿ ಕುಕ್ಕಿದೆ. ಹೋಗಲಿಲ್ಲ.
ಒಂಬತ್ತರ ಅಂಕಿಯನ್ನು ಆಗ ಬಟ್ಟೆಯಲ್ಲಿ ಕತ್ತರಿಸಿ ಹೊಲಿಯಬೇಕಿತ್ತು.
ಬಾಲ ಒಂಚೂರು ಸೊಟ್ಟ. ಹೊಲಿದವಳೂ ನಾನೇ.

ಎಡ ಮೊಣಕೈಗೆ ಹುಲ್ಲಿನ ಹಸಿರು ಹತ್ತಿದ್ದರೆ
ಬೀಳುತ್ತ ಬೀಳುತ್ತ ಹೊಡೆದಿದ್ದಾನೆ.
ಬೆನ್ನ ಮೇಲೆ ಕೆಸರಿನ ಅಂಗೈಗಳು,
ಐದು, ಆರು, ಒಂದರ ಮೇಲೊಂದು:
ಅಪ್ಪಿಕೊಂಡಿದ್ದಾರೆ.
ಕತ್ತಿನ ಪಟ್ಟಿ ಹರಿದಿದ್ದರೆ ಪೈಸಾಂದು ತಂಡದ ಆ ಗೂಳಿ,
ಬರ್ರೇಟೊ, ಅವನದೇ ಕೆಲಸ.
ರೇಡಿಯೊ ನನಗೇಕೆ?
ಸೋಮವಾರ ಬೆಳಿಗ್ಗೆ ತೊಟ್ಟಿಯಲ್ಲಿ
ಭಾನುವಾರ ಪೂರ್ತಿ ನೆನೆಯುತ್ತಿತ್ತು.

ಒಂದು ಚಳಿಗಾಲ ಏಳು ವಾರ
ಅಂಗಿ ಸ್ವಚ್ಛವಾಗಿ ಬಂತು.
ಸ್ಟ್ರೈಕರನ ಅಂಗಿ ಬೆಳ್ಳಗಿದ್ದರೆ
ಚೆಂಡು ಅವನ ಕಡೆ ಬಂದಿಲ್ಲ,
ಅಥವಾ ಬಂದಾಗ ಅವನು ಅಲ್ಲಿರಲಿಲ್ಲ.
ತೋಳಿನ ತುದಿಯಲ್ಲಿ ಮಾತ್ರ ಉಪ್ಪು,
ಮೂಗು ಒರೆಸಿದಷ್ಟು.
ಅವನ ಅಪ್ಪ ಸತ್ತ ವರ್ಷ ಅದು.
ಯಾರಿಗೂ ಹೇಳಲಿಲ್ಲ ನಾನು. ಜಾಲಿಸಿ, ನೀಲಿ ಅದ್ದಿ, ಹಿಂಡಿ ಹರವಿದೆ.

ಆಮೇಲೆ ಜಿನೋವಾದಿಂದ ಬಂದರು ಇಬ್ಬರು, ಹ್ಯಾಟಿನವರು.
ಕಾರ್ಖಾನೆಗೆ ದನ ಕೊಳ್ಳುವವರು ಹಲ್ಲು ನೋಡುತ್ತಾರೆ,
ಇವರು ಮೊಣಕಾಲು ಹಿಸುಕಿ ನೋಡಿದರು.
ಊರಿಗೆ ಊರೇ ಬಂದರಿಗೆ ಹೋಯಿತು.
ನನಗೆ ಆ ದಿನ ಹದಿನೆಂಟು ಜೊತೆ ಕಾಲುಚೀಲ.

ಒಂದೇ ಒಂದು ಕಾಗದ ಬರೆದ.
‘ಇಲ್ಲಿ ಯಂತ್ರ ಒಗೆಯುತ್ತದೆ, ನೇಲಿದಾ.
ಪ್ರತಿ ವಾರ ಹೊಸ ಅಂಗಿ ಕೊಟ್ಟ ಹಾಗೆ.
ನಿನ್ನೆ ಏನಾಯಿತೆಂದು ಅದಕ್ಕೆ ನೆನಪೇ ಇರುವುದಿಲ್ಲ.’

ನಾಲ್ಕನೇ ವರ್ಷ, ಆ ಪೆನಾಲ್ಟಿ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರು ಎಲ್ಲರೂ,
ಪೇಪರಿನ ಚಿತ್ರ ಹಿಡಿದು,
ಕಾಲು ಹೀಗಿಡಬೇಕಿತ್ತು, ಸೊಂಟ ಹಾಗೆ.
ನಾನು ನೋಡಿದ್ದು ಅಂಗಿಯನ್ನು.
ತೊಂಬತ್ತು ನಿಮಿಷ ಆಡಿದವನದು, ಒಂದು ಕಲೆಯಿಲ್ಲ.
ಅಪ್ಪ ಸತ್ತಿದ್ದು ಒಂದೇ ಸಲ. ಈ ಸಲ ಯಾರು?
ಕೇಳಲಿಲ್ಲ, ಇವತ್ತಿನವರೆಗೂ.

ಬಲ ಮೊಣಕಾಲಿನೊಳಗೆ ಒಂದು ತಿರುಪುಮೊಳೆ,
ತಲೆಯಲ್ಲಿ ಅರ್ಧ ಕೂದಲು, ಹೀಗೆ ವಾಪಸಾದ.
ಅಷ್ಟರಲ್ಲಿ ಕಾರ್ಖಾನೆ ಮುಚ್ಚಿತ್ತು.
ಹಡಗಿನಿಂದಿಳಿದು ಗಾಳಿ ಮೂಸಿ
‘ಊರು ತಪ್ಪಿ ಬಂದೆನೇ?’ ಎಂದನಂತೆ.

ಈಗ ಬಂದರಿನ ಬಳಿ ಗೂಡಂಗಡಿ, ಲಾಟರಿ ಚೀಟಿ ಮಾರುತ್ತಾನೆ.
ಒಂಬತ್ತರಲ್ಲಿ ಮುಗಿಯುವ ಚೀಟಿಗೇ ಎಲ್ಲರ ಕೈ,
ಅದು ಎಂದೂ ಬೀಳುವುದಿಲ್ಲ.
ಶನಿವಾರ ನಸುಕಿಗೆ ಸುಣ್ಣದ ಬಕೆಟ್ಟು ಹಿಡಿದು
ಮಕ್ಕಳ ಮೈದಾನಕ್ಕೆ ಗೆರೆ ಎಳೆಯುತ್ತಾನೆ, ಕುಂಟುತ್ತ.
ಗೆರೆ ಮಾತ್ರ ನೆಟ್ಟಗೆ.
ಪೆನಾಲ್ಟಿ ಚುಕ್ಕಿ ಇಡುವ ಕೆಲಸ ಹುಡುಗರಿಗೆ ಬಿಡುತ್ತಾನೆ.

ಮೊನ್ನೆ ಸುಣ್ಣ ಮೆತ್ತಿದ ಅಂಗಿ ತಂದ.
ನನ್ನ ಬೆರಳುಗಳು ಶುಂಠಿಯ ಕೊಂಬಿನಂತಾಗಿವೆ, ನೀನೇ ಒಗೆ ಎಂದೆ.
ಸೋರೆಬುರುಡೆಯಲ್ಲಿ ಕಹಿ ಮಾಟೆ ಹೀರುತ್ತ ಪಕ್ಕದಲ್ಲಿ ಕೂತೆ.
ಬಿಸಿನೀರು ಬೇಡ. ವಿನಿಗರ್ ಹಾಕು.
ಮೆಲ್ಲಗೆ, ಮೆಲ್ಲಗೆ, ಅಂಕಿಯ ಮೇಲೆ ಉಜ್ಜಬೇಡ.

ಆ ಅಂಗಿಯಲ್ಲಿ ಅಂಕಿಯೇ ಇರಲಿಲ್ಲ.

ಒಂದು ಗಳಿಗೆ ಕೈ ನಿಲ್ಲಿಸಿದ.
ಆಮೇಲೆ ಬೆನ್ನಿನ ನಡುವೆ ಒಂದು ಗೇಣು ಜಾಗ ಬಿಟ್ಟು
ಸುತ್ತಲೂ ಉಜ್ಜತೊಡಗಿದ,
ಬಾಲ ಸೊಟ್ಟಗಿದ್ದ ಕಡೆ ಇನ್ನಷ್ಟು ಹುಷಾರಾಗಿ.
ಮಕ್ಕಳು ಐದಕ್ಕೆ ಎರಡರಿಂದ ಸೋತರಂತೆ.