ಮನೆಗೆ ನಂಬರು ಬರೆದದ್ದು

ಲಾರಿ ಜೀಪುಗಳಿಗೆ ನಂಬರು ಬರೆಯುವವನು ನಾನು,
ಮಾದಾಪುರದ ಪೇಟೆಯಲ್ಲಿ.
ಮನೆಗೆ ಬರೆಯಬೇಕು ಎಂದಾಗ
ಬಾಗಿಲ ಮೇಲಿನದು ಅಂದುಕೊಂಡು
ಒಂದೇ ಬ್ರಷ್ಷು ಹಿಡಿದು ಹೋದೆ.

ಐನ್‌ಮನೆಯ ಹಿಂದಿನ ಗುಡ್ಡ
ಕಕ್ಕಡದಲ್ಲಿ ಬಾಯಿ ಬಿಟ್ಟಿತ್ತು.
ಬಿರುಕಿಗೆ ಬಿದಿರ ಗಳ ಇಳಿಸಿ
ತಳ ಸಿಗುವುದಿಲ್ಲ, ನೋಡು ಎಂದರು.
ಒಕ್ಕದವರೆಲ್ಲ ಕೈಯಾಲೆಯಲ್ಲಿ ಕೂತು
ಮೂರು ಭಾನುವಾರ ಜಗಳವಾಡಿ
ಕೊನೆಗೆ ಸಹಿ ಹಾಕಿದ್ದರು:
ಮನೆ ಹೊಳೆಯಾಚೆಗೆ, ಗಟ್ಟಿ ನೆಲಕ್ಕೆ.

ಹಳದಿ ಬಣ್ಣ. ಕಂಬ ಒಂದು, ಕಂಬ ಎರಡು.
ತೊಲೆಗೆ ತೊ, ಜಂತಿಗೆ ಜ.
ಹೂಬಳ್ಳಿ ಕೆತ್ತಿದ ಕಿಟಕಿಗೆ ಎಲ್ಲಿ ಬರೆಯಲಿ ಎಂದರೆ
ಐರಿರ ಕುಂಞಪ್ಪ, ಬಡಗಿ,
"ಹಿಂದುಗಡೆ. ಮುಖದ ಮೇಲೆ ಬರೀತಾರೇನು?"
ಐಮರಕ್ಕೆ ನಂಬರು ಬೇಡವಂತೆ.
ಕೂತು ಕೂತು ಸವೆದ ತಗ್ಗುಗಳೇ ಸಾಕು ಗುರುತಿಗೆ.

ಏಳನೇ ದಿನ ಕನ್ನಿಕಂಬ ಎತ್ತಿದರು.
ಬುಡದ ಗೂಟ ಕಲ್ಲಿನ ಕುಳಿ ಬಿಟ್ಟು ಬಂದಾಗ
ಕುಂಞಪ್ಪ ಬೆರಳಿಗೆ ಉಗುಳು ಹಚ್ಚಿ ಒರೆಸಿದ.
ಉಳಿಯಲ್ಲಿ ಕೊರೆದ ಗೆರೆ, ಐದು.
ಪಕ್ಕದ ಕಂಬಕ್ಕೆ ಆರು. ಅದರಾಚೆಯದಕ್ಕೆ ಏಳು.
ಕಟ್ಟುವಾಗ ಹಾಕಿದ ಲೆಕ್ಕವಿರಬೇಕು ಎಂದೆ.
"ಅಲ್ಲ. ಸವೆತ ನೋಡು. ಎರಡು ಕುಳಿ ಕಂಡ ಗೂಟ ಇದು."

ಎಲ್ಲಿಂದ ಬಂದಿತ್ತೋ,
ಆಗ ಯಾವ ಗುಡ್ಡ ಜರಿದಿತ್ತೋ,
ಆನೆ ಎಳೆದವೋ, ಜನವೋ;
ಹಿರಿಯರ ಬಾಯಲ್ಲಿ ಆ ಕತೆಯೇ ಇಲ್ಲ.
ಇಲ್ಲೇ ಹುಟ್ಟಿದ ಮನೆ ಎಂದು ವಾರವಿಡೀ ಅತ್ತ ಬೋಜವ್ವ
ತಲೆವಸ್ತ್ರದ ಅಂಚಲ್ಲಿ ಮೂಗೊರೆಸಿ,
"ಹಾಗಾದ್ರೆ ಹೋಗೋದು ಹೇಗೇಂತ ಅದಕ್ಕೆ ಗೊತ್ತುಂಟು" ಎಂದರು.
ಆ ಗೆರೆಗಳ ಪಕ್ಕ
ನನ್ನ ನಂಬರು ಸಣ್ಣಗೆ ಬರೆದೆ.

ದೀಪ ಆರಬಾರದು.
ನೆಲ್ಲಕ್ಕಿಯ ತೂಗುದೀಪದಿಂದ ಲಾಟೀನಿಗೆ ದಾಟಿಸಿ
ಬೋಜವ್ವ ರಫೀಕನ ಜೀಪಿನ ಮುಂದಿನ ಸೀಟಲ್ಲಿ,
ಹಿಂದೆ ಹಂಚಿನ ರಾಶಿ ಮತ್ತು ನಾನು.
ಸೇತುವೆ ಹತ್ತಿರದ ಗುಂಡಿಗೆ ಜೀಪು ಜಿಗಿದದ್ದೇ
ಆರಿತು.
ಎಷ್ಟೋ ಹೊತ್ತು ಹೊಳೆಯ ಸದ್ದೊಂದೇ.
ರಫೀಕ ಜೇಬಿಂದ ಬೆಂಕಿಪೊಟ್ಟಣ ತೆಗೆದ.
ಬೋಜವ್ವ ಗಾಜು ಎತ್ತಿದರು.
ಆಚೆ ದಡದಲ್ಲಿ ಕುಪ್ಯಚೇಲೆ ತೊಟ್ಟು ಕಾದಿದ್ದವರು
ಕೋವಿ ಹಾರಿಸಿ ಬೆಳಕನ್ನು ಇಳಿಸಿಕೊಂಡರು.

ಎಲ್ಲ ಕೂರಿಸಿದ ಮೇಲೂ ಒಂದು ತುಂಡು ಉಳಿಯಿತು:
ಜ ನಲವತ್ತೊಂದು. ನನ್ನದೇ ಅಕ್ಷರ.
ಎಲ್ಲಿ ಇಟ್ಟರೂ ಕೂರಲಿಲ್ಲ.
ಮನೆಯೇನೂ ಬಿದ್ದಿಲ್ಲ.
ನನ್ನ ಅಂಗಡಿಯಲ್ಲಿದೆ ಅದು ಈಗ,
ಬ್ರಷ್ಷು ಒರೆಸಲಿಕ್ಕೆ.