ಹಾರಿದ್ದರ ಲೆಕ್ಕ

ಶುಕ್ರವಾರ ಸಂಜೀಕ ನಾನ ಇಟ್ಟದ್ದು,
ನಾಕನೂರಾ ಹದಿನೇಳನೇ ನಂಬರಿನ ಸೀಸೆ.
ಬಂದ ಉತ್ತರ: ಸೊನ್ನೆ ಪಾಯಿಂಟ್ ಸೊನ್ನೆ ನಾಕು ಆರು.
ಮಿತಿ: ಸೊನ್ನೆ ಪಾಯಿಂಟ್ ಸೊನ್ನೆ ಐದು. ಪಾಸ್.
ಸೋಮವಾರ ಮುಂಜಾನೆ ಹಿರೇಗೌಡರ ಸಾಹೇಬರು
ಇನ್ನೊಮ್ಮೆ ನೋಡು ಅಂದ್ರು, ನೋಡಿದೆ.
ಅದ ಸೀಸೆ, ಅದ ತಟ್ಟೆ, ಅದ ಮಷೀನು.
ಸೊನ್ನೆ ಪಾಯಿಂಟ್ ಸೊನ್ನೆ ಐದು ಎಂಟು.
ಫೇಲ್.

ಎರಡು ದಿನದಾಗ ಯಾರು ಬಂದು
ಕೀಲಿ ಹಾಕಿದ ಲ್ಯಾಬಿನೊಳಗ ಎಣ್ಣಿ ಹೊಡೆದು ಹೋದ್ರು?

ಬ್ಯಾಡಗಿ ಪ್ಯಾಟ್ಯಾಗ ಮಾರ್ಚ್ ಅಂದ್ರ
ಸೀನದ ಒಂದು ಮಾತು ಮುಗಿಯಂಗಿಲ್ಲ.
ಲಾರಿ ಡ್ರೈವರ್ ಸೀನತಾನ, ಹಮಾಲ ಸೀನತಾನ,
ದಲಾಲಿ ರೇಟು ಹೇಳಿ ಆಮ್ಯಾಲೆ ಸೀನತಾನ.
ಮೂರನೇ ಮಾಳಿಗಿ ಮ್ಯಾಲೆ, ಎರಡು ಬಾಗಲಾ ದಾಟಿ,
ನಮ್ಮ ಮಷೀನು ಮಾತ್ರ ಸೀನಂಗಿಲ್ಲ.
ಮೂಗಿಲ್ಲದ್ದು, ಆದರೂ ಎರಡು ಕೋಟಿ ಕಾಳಿನಾಗ
ಒಂದು ಕಾಳಿನ ವಾಸನಿ ಹಿಡಿತೈತಿ.

ಹೈದರಾಬಾದಿನ ಇಂಜಿನಿಯರ್ ಫೋನಿನ್ಯಾಗ ಕೇಳಿದ.
ಪಂಪಿನ ಒತ್ತಡ? ಸರಿ ಐತಿ.
ಕಾಲಮ್? ಹೋದ ತಿಂಗಳ ಹಾಕಿದ್ದು.
ಪೀಕು ಬರೋ ಹೊತ್ತು?
ಅಲ್ಲಿ ನನ್ನ ನಾಲಿಗಿ ತಡವರಿಸಿತು.
ಶುಕ್ರವಾರ ಎಂಟು ನಿಮಿಷಕ್ಕ ಬಂದದ್ದು
ಇವತ್ತು ಎಂಟೂಮುಕ್ಕಾಲಿಗೆ ಬಂತು,
ತಡಾ ಮಾಡಿ ಬಂದ ಅಳಿಯನ ಹಂಗ
ದಪ್ಪ ಆಗಿ, ಸೆಟಕೊಂಡು.
ದ್ರಾವಣದ ಬಾಟಲಿ ಮುಚ್ಚಳ ನೋಡ್ರಿ, ಅಂದ.

ಮುಚ್ಚಳ ಎಲ್ಲೈತಿ?
ಬೆಳ್ಳಿ ಬಣ್ಣದ ಹಾಳಿ, ಮ್ಯಾಲೊಂದು ರಬ್ಬರ್ ಬ್ಯಾಂಡು,
ನಡುವ ಕೊಳವಿ ಇಳಿಸಾಕ ಮಾಡಿದ ತೂತು,
ಕಿರುಬೆರಳು ಹಿಡಿಯೋವಷ್ಟು.
ಮುಚ್ಚಳ ಒಡೆದದ್ದು ದೀಪಾವಳಿಗೆ.
"ಹೊಸದು ತರಿಸಬೇಕು" ಅಂತ ವಹಿಯೊಳಗ ಬರದದ್ದು ನನ್ನ ಅಕ್ಷರ.
ರವಿವಾರ ಕರೆಂಟ್ ಹೋಗಿ, ಏಸಿ ನಿಂತು,
ಕೋಣ್ಯಾಗ ಮೂವತ್ತೆಂಟು ಡಿಗ್ರಿ.
ಮೆಥನಾಲ್ ಮೊದಲು ಎದ್ದು ಹೋತು,
ನೀರು ಕುಂತ ಉಳೀತು.

ಅದು ತಡದ ಕತಿ. ದಪ್ಪದ ಕತಿ ಬ್ಯಾರೆ.

ಸೀಸೆ ತೊಳಿಯೋ ಫಕ್ಕೀರವ್ವ ಬಾಗಲದಾಗ ನಿಂತಿದ್ಲು.
ಮೊದಲು ಪ್ಯಾಟ್ಯಾಗ ತೊಟ್ಟು ಬಿಡಿಸಿದಾಕಿ,
ಹನ್ನೊಂದು ವರ್ಷ. ಉಗುರಿನ ಬುಡ ಇನ್ನೂ ಕೆಂಪು.
"ಹಸಿಕಾಯಿ ಹರವಿದ್ರ ಏನಾಕ್ಕೈತಿ ಅಕ್ಕಾರ?
ತೂಕ ಇಳಿತೈತಿ. ಬಣ್ಣ ಇಳಿತೈತೇನು?
ಇನ್ನೂ ಗಟ್ಟಿ ಆಕ್ಕೈತಿ."

ಸೀಸೆ ತಗದು ತಕ್ಕಡಿ ಮ್ಯಾಲಿಟ್ಟೆ.
ಶುಕ್ರವಾರದ ತೂಕ ವಹಿಯೊಳಗಿತ್ತು, ಪುಣ್ಯಕ್ಕ.
ನೂರಾ ಅರವತ್ತು ಮಿಲಿಗ್ರಾಂ ಇಲ್ಲ.
ಬೂಚಿನ ನಡುವ ಸೂಜಿ ಚುಚ್ಚಿದ ಗಾಯ,
ಭೂತಗನ್ನಡಿ ಹಿಡಿದ್ರ ತುಸು ತೆರೆದ ತುಟಿ.
ದ್ರವ ಹೋಗೈತಿ. ವಿಷಕ್ಕ ರೆಕ್ಕಿ ಇಲ್ಲ,
ಅದು ಉಳಿದೈತಿ.
ಐದರಾಗ ಒಂದು ಪಾಲು ತಿಂದದ್ದು ಗಾಳಿ,
ಅಪವಾದ ಚೀಲದ ಮ್ಯಾಲೆ.

ಸಾಕ್ಷಿ ಅಂತ ಒಂದು ಹನಿ ಬೆರೆಸೋ ಪದ್ಧತಿ ಐತಿ,
ಗೊತ್ತಿದ್ದ ಅಳತಿದು, ಪ್ರತಿ ಸೀಸೆಗೂ.
ದ್ರವ ಕುಗ್ಗಿದ್ರ ಅದೂ ಜೊತಿಗೆ ಉಬ್ಬಿ
"ನಾನೂ ಬೆಳದೇನಿ, ಇದನ್ನ ನಂಬಬ್ಯಾಡ" ಅಂತಿತ್ತು.
ಜನವರಿಯೊಳಗ ಅದು ಖಾಲಿ.
ತುಟ್ಟಿ ಐತಿ, ಮುಂದಿನ ಬಜೆಟ್ಟಿಗೆ ನೋಡೂಣು ಅಂದವರು ಸಾಹೇಬರು.
ಹೂಂ ಅಂದಾಕಿ ನಾನು.

ನಾಕನೂರಾ ಹದಿನೇಳರ ಪುಡಿ ಮತ್ತ ತೂಗಿ,
ಅಲುಗಾಡಿಸಿ, ಸೋಸಿ, ಹೊಸ ಬೂಚು ಹಾಕಿ,
ಒಂದ ಸಲ ಚುಚ್ಚಿದೆ.
ಸೊನ್ನೆ ಪಾಯಿಂಟ್ ಸೊನ್ನೆ ನಾಕು ಐದು.
ಸಾಹೇಬರು ಸಹಿ ಮಾಡಿ ಚಾ ತರಿಸಿದ್ರು.

ಚಾ ಆರಿತು.
ಯಾಕಂದ್ರ ಹೋದ ತಿಂಗಳ ಮುನ್ನೂರಾ ಎಂಬತ್ತೆರಡು.
ಅವತ್ತೂ ಕರೆಂಟ್ ಹೋಗಿತ್ತು,
ಅವತ್ತೂ ಇಂಥಾದ್ದ ತೂತಿನ ಬೂಚು,
ಎರಡನೇ ಸಲ ಚುಚ್ಚಿದಾಗ ಗೆರಿ ದಾಟಿ
ಬಂದರಿಗೆ ಹೋಗೋ ಲಾರಿಯಿಂದ ಇಳಿಸಿದ ಅರವತ್ತು ಚೀಲ.
ಯಾರವು ಅಂತ ನಮಗ ಗೊತ್ತಿರೋದಿಲ್ಲ.
ನಮಗ ಬರೋದು ನಂಬರು.

ವಹಿಯೊಳಗ ಇಷ್ಟು ಬರದೆ:
ಬಾಟಲಿ ಮುಚ್ಚಳ ಬದಲಿಸಿದೆ. ಬೂಚು ಬದಲಿಸಿದೆ.
ಹಿಂದಿನ ಫಲಿತಾಂಶಗಳ ಮ್ಯಾಲೆ ಪರಿಣಾಮ:
ಅಲ್ಲಿಗೆ ಕೈ ನಿಂತು, ಪೆನ್ನಿನ ಮೂತಿಯೊಳಗ
ಮಸಿ ಒಣಗಾಕ ಹತ್ತಿತು.

ಮುನ್ನೂರಾ ಎಂಬತ್ತೆರಡರ ಪುಡಿ ಇನ್ನೂ ಕಪಾಟಿನ್ಯಾಗ ಐತಿ,
ಅರಗಿನ ಮುದ್ರಿ ಹಚ್ಚಿದ್ದು.
ಕೀಲಿ ಸಾಹೇಬರ ಕಡೆ.
ಎದ್ದೆ.